ನೂರರಲ್ಲಿ ಹದಿಮೂರು

ತನ್ನ ಸೋಲನ್ನು ಇಷ್ಟು ಬಿಡಿಸಿ ಹೇಳಿದ ವೈದ್ಯಕೀಯ ಪ್ರಬಂಧಗಳು ಹೆಚ್ಚಿಲ್ಲ. 1957ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಡಾನಲ್ ಥಾಮಸ್ ಮತ್ತು ಸಂಗಡಿಗರು ಆರು ಮಂದಿ ರೋಗಿಗಳ ವಿಷಯ ಬರೆದರು. ವಿಕಿರಣ, ಕಿಮೋಥೆರಪಿಗಳ ಬೆನ್ನಿಗೇ, ರಕ್ತ ಏರಿಸುವ ಹಾಗೆ, ಬೇರೊಬ್ಬರ ಅಸ್ಥಿಮಜ್ಜೆಯನ್ನು ಅವರ ರಕ್ತನಾಳಕ್ಕೆ ಏರಿಸಲಾಗಿತ್ತು. ಇಬ್ಬರಲ್ಲಷ್ಟೇ ಅದು ಸ್ವಲ್ಪ ಕಾಲ ಬೇರು ಬಿಟ್ಟಿತು. ನೂರು ದಿನ ದಾಟಿ ಬದುಕಿದವರು ಯಾರೂ ಇಲ್ಲ. ಮಜ್ಜೆಯನ್ನು ತೆಗೆದು, ಕಾಪಾಡಿ, ಇನ್ನೊಬ್ಬರ ಮೈಗೆ ಏರಿಸಬಹುದು ಎನ್ನುವುದಕ್ಕಿಂತ ಹೆಚ್ಚಿನದೇನನ್ನೂ ಆ ಪ್ರಬಂಧ ಸಾಧಿಸಲಿಲ್ಲ.

1990ರಲ್ಲಿ ಇದೇ ಥಾಮಸ್‌ಗೆ ನೊಬೆಲ್ ಬಂತು. ಈ ಎರಡು ವರ್ಷಗಳ ನಡುವಿನ ದಾರಿಯನ್ನು ಗೆಲುವಿನ ಕಥೆಯಾಗಿ ಹೇಳುವುದು ವಾಡಿಕೆ. ನನಗೆ ಅದು ಲೆಕ್ಕ ಬರೆದಿಟ್ಟವರ ಕಥೆಯಾಗಿ ಕಾಣುತ್ತದೆ. ಅಸ್ಥಿಮಜ್ಜೆ ಕಸಿಯ ಸಂಶೋಧನೆ ದೊಡ್ಡದಾದದ್ದು ತನ್ನ ಸಾವುಗಳನ್ನು ಒಂದೊಂದಾಗಿ ಎಣಿಸಿದ್ದರಿಂದ. ಅದು ಎಡವಿದಾಗಲೆಲ್ಲ ಒಂದು ತೊಡಕನ್ನು ಮಾತ್ರ ಅಳೆದು, ಮಿಕ್ಕದ್ದನ್ನು ಆಮೇಲೆ ನೋಡೋಣವೆಂದು ಬಿಟ್ಟಿತ್ತು.

ಆ ತೊಡಕಿನ ಹೆಸರು ಗ್ರಾಫ್ಟ್ ವರ್ಸಸ್ ಹೋಸ್ಟ್ ಕಾಯಿಲೆ, ವಾರ್ಡುಗಳ ಮಾತಿನಲ್ಲಿ ಜಿವಿಎಚ್‌ಡಿ. ಮೂತ್ರಪಿಂಡದ ಕಸಿಯಲ್ಲಿ ರೋಗಿಯ ಮೈ ಹೊಸ ಅಂಗವನ್ನು ತಳ್ಳಿಹಾಕುವ ಭಯ. ಇಲ್ಲಿ ಅದು ತಿರುವುಮುರುವು. ದಾನಿಯ ಮಜ್ಜೆಯ ಜೊತೆ ದಾನಿಯ ರೋಗನಿರೋಧಕ ಕಣಗಳೂ ಬರುತ್ತವೆ. ಅವುಗಳಲ್ಲಿ ಟಿ ಕಣಗಳು ರೋಗಿಯ ಇಡೀ ದೇಹವನ್ನೇ ಪರಕೀಯವೆಂದು ಬಗೆದು ಮೇಲೇರಿ ಹೋಗುತ್ತವೆ. ಮೊದಲು ಅಂಗೈ, ಅಂಗಾಲುಗಳಲ್ಲಿ ಕೆಂಪು ಗಂಧೆ. ಆಮೇಲೆ ಯಕೃತ್ತು ಕೆಟ್ಟು ಕಾಮಾಲೆ, ಕರುಳು ಕೆಟ್ಟು ದಿನಕ್ಕೆ ಲೀಟರುಗಟ್ಟಲೆ ಭೇದಿ. ಅದನ್ನು ತಡೆಯಲು ಕೊಡುವ ಔಷಧಿ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವುದರಿಂದ, ಆರೋಗ್ಯವಂತರಲ್ಲಿ ಸದ್ದಿಲ್ಲದೆ ಮಲಗಿರುವ ಸೈಟೊಮೆಗಲೊ ವೈರಸ್ಸು ಎದ್ದು ಶ್ವಾಸಕೋಶವನ್ನು ಹಿಡಿಯುತ್ತದೆ.

ಇದರ ಸುಳಿವು ಬಹಳ ಮೊದಲೇ ಸಿಕ್ಕಿತ್ತು. 1956ರಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಬಾರ್ನ್ಸ್ ಮತ್ತು ಲೌಟಿಟ್ ಲ್ಯುಕೇಮಿಯಾ ಇದ್ದ ಇಲಿಗಳಿಗೆ ಬೇರೆ ತಳಿಯ ಮಜ್ಜೆ ಕೊಟ್ಟರು. ಲ್ಯುಕೇಮಿಯಾ ಅಡಗಿತು, ಇಲಿಗಳು ಮಾತ್ರ ಸೊರಗಿ ಭೇದಿಯಿಂದ ಸತ್ತವು. ವಾಸಿ ಮಾಡಿದ್ದೂ ಕೊಂದದ್ದೂ ಒಂದೇ ಕಣಗಳ ಕೆಲಸವೆಂಬ ಶಂಕೆ ಆ ಪಂಜರದಲ್ಲೇ ಹುಟ್ಟಿತು. ಮುಂದೆ ನಡೆದ ಎಲ್ಲವನ್ನೂ ಈ ಶಂಕೆಯ ಬೆಳಕಿನಲ್ಲೇ ಓದಬೇಕು.

1960ರ ದಶಕದಲ್ಲಿ ಬಹುಪಾಲು ಸಂಶೋಧಕರು ಈ ದಾರಿ ಬಿಟ್ಟರು. 1970ರಲ್ಲಿ ಮಾರ್ಟಿಮರ್ ಬಾರ್ಟಿನ್ ಅಲ್ಲಿಯವರೆಗೆ ವರದಿಯಾಗಿದ್ದ ಸುಮಾರು ಇನ್ನೂರು ಕಸಿಗಳನ್ನು ಒಟ್ಟುಗೂಡಿಸಿದಾಗ, ಕಸಿ ನಿಜಕ್ಕೂ ಫಲಿಸಿದವರನ್ನು ಬೆರಳೆಣಿಕೆಯಲ್ಲೇ ಹೇಳಿಬಿಡಬಹುದಿತ್ತು. ಥಾಮಸ್ ಮನುಷ್ಯರ ಮೇಲಿನ ಪ್ರಯೋಗವನ್ನು ಹೆಚ್ಚುಕಡಿಮೆ ನಿಲ್ಲಿಸಿ ನಾಯಿಗಳ ಕಡೆಗೆ ಹಿಂದಿರುಗಿದರು. ಈ ಹಿಂದೆಗೆತವನ್ನು ಅವರ ಅತ್ಯುತ್ತಮ ನಿರ್ಧಾರವೆಂದು ನಾನು ಎಣಿಸುತ್ತೇನೆ. ದಾನಿ ಮತ್ತು ರೋಗಿಯ ಅಂಗಾಂಶಗಳು ಹೊಂದಬೇಕು, ಕಸಿಯಾದ ಮೇಲೆ ಮೆಥೊಟ್ರೆಕ್ಸೇಟ್ ಕೊಟ್ಟರೆ ಜಿವಿಎಚ್‌ಡಿ ತಗ್ಗುತ್ತದೆ ಎಂಬ ಎರಡು ಮುಖ್ಯ ಪಾಠಗಳು ನಾಯಿಗಳಿಂದಲೇ ಬಂದವು. ಸಿಯಾಟಲ್‌ನಲ್ಲಿ ರೇನರ್ ಸ್ಟಾರ್ಬ್ ಆ ಕೆಲಸವನ್ನು ಮುಂದುವರಿಸಿದರು. ಥಾಮಸ್‌ರ ಪತ್ನಿ ಡಾಟಿ ಉದ್ದಕ್ಕೂ ಸಂಶೋಧನೆಯ ಆಡಳಿತ, ದಾಖಲೆ, ಪ್ರಬಂಧಗಳ ಭಾರ ಹೊತ್ತರು. ಮನುಷ್ಯರಿಗೆ ಸಿಯಾಟಲ್‌ನ ಕಸಿ 1969ರಲ್ಲಿ ಮತ್ತೆ ಶುರುವಾಯಿತು, ಈ ಬಾರಿ ಹೊಂದುವ ಒಡಹುಟ್ಟಿದವರಿಂದ.

1977ರಲ್ಲಿ ಬಂದ ಪ್ರಬಂಧ ನನ್ನ ದೃಷ್ಟಿಯಲ್ಲಿ ಈ ಪರಂಪರೆಯ ಶಿಖರ. ಬೇರೆ ಯಾವ ಚಿಕಿತ್ಸೆಗೂ ಬಗ್ಗದ, ಕೊನೆಯ ಹಂತದ ತೀವ್ರ ಲ್ಯುಕೇಮಿಯಾದ 100 ಮಂದಿಯ ಲೆಕ್ಕ ಅದು. 13 ಮಂದಿ ಕಾಯಿಲೆಯಿಲ್ಲದೆ ಉಳಿದಿದ್ದರು. ಉಳಿದ 87 ಮಂದಿಯನ್ನು ಮರೆಮಾಚದೆ, ಯಾರು ಜಿವಿಎಚ್‌ಡಿಯಿಂದ, ಯಾರು ಸೋಂಕಿನಿಂದ, ಯಾರು ಕಾಯಿಲೆ ಮರುಕಳಿಸಿ ಹೋದರೆಂದು ಅದು ಬಿಡಿಸಿ ಹೇಳಿತು. ಕಾಯಿಲೆ ತಹಬಂದಿಯಲ್ಲಿದ್ದಾಗಲೇ ಕಸಿ ಮಾಡಬೇಕೆಂಬ ಮುಂದಿನ ಹೆಜ್ಜೆಗೆ ಆ ಲೆಕ್ಕವೇ ಆಧಾರವಾಯಿತು.

ಎರಡು ವರ್ಷದ ಮೇಲೆ ಅದೇ ಸಿಯಾಟಲ್ ತಂಡದಿಂದ, ವೈಡನ್ ಮತ್ತು ಸಂಗಡಿಗರ ಹೆಸರಿನಲ್ಲಿ, ಹಾರ್ವೆಲ್ಲಿನ ಶಂಕೆಗೆ ಮನುಷ್ಯರಲ್ಲೇ ಪುರಾವೆ ಸಿಕ್ಕಿತು. ಜಿವಿಎಚ್‌ಡಿ ಕಂಡವರಲ್ಲಿ ಲ್ಯುಕೇಮಿಯಾ ಮರುಕಳಿಸುವುದು ಗಣನೀಯವಾಗಿ ಕಡಿಮೆ. ಇಷ್ಟು ಗೊತ್ತಿದ್ದೂ, 1980ರ ದಶಕದಲ್ಲಿ ಸಿಯಾಟಲ್ ಸೇರಿ ಹಲವು ಕೇಂದ್ರಗಳು ದಾನಿಯ ಮಜ್ಜೆಯಿಂದ ಟಿ ಕಣಗಳನ್ನು ಸೋಸಿ ತೆಗೆದು ಕೊಡುವ ಪ್ರಯೋಗಗಳಿಗೆ ಇಳಿದವು. ತರ್ಕ ಸರಳವಾಗಿತ್ತು: ದಾಳಿ ಮಾಡುವವರೇ ಇಲ್ಲದಿದ್ದರೆ ದಾಳಿಯೂ ಇಲ್ಲ. ಜಿವಿಎಚ್‌ಡಿ ನಿಜಕ್ಕೂ ಇಳಿಯಿತು. ಆದರೆ ಮಜ್ಜೆ ಬೇರು ಬಿಡದೆ ಹೋಗುವುದು ಹೆಚ್ಚಿತು, ಲ್ಯುಕೇಮಿಯಾ ಮತ್ತೆ ಮತ್ತೆ ಬಂತು. ಕಳೆಯ ಜೊತೆ ಪೈರನ್ನೂ ಕಿತ್ತ ಹಾಗಾಯಿತು. 1990ರಲ್ಲಿ ಮೇರಿ ಹೊರೊವಿಟ್ಜ್ ಮತ್ತು ಸಂಗಡಿಗರು 2,254 ರೋಗಿಗಳ ದಾಖಲೆ ಹಿಡಿದು ಅದನ್ನು ನಿಸ್ಸಂದೇಹವಾಗಿ ತೋರಿಸಿದರು.

ಈ ಪ್ರಯೋಗಗಳಿಗೆ ಕೈಹಾಕಿದವರನ್ನು ಕಟುವಾಗಿ ನೋಡುವುದು ಸುಲಭ. ಚರ್ಮ ಸುಲಿದು, ಕರುಳು ಸೋರಿ ಸಾಯುವವರನ್ನು ದಿನವೂ ಕಂಡ ವೈದ್ಯರು ಆ ತೊಡಕನ್ನೇ ಮುಗಿಸಬೇಕೆಂದು ಹೊರಟದ್ದು ಅರ್ಥವಾಗುತ್ತದೆ. ನನ್ನ ತಕರಾರು ಬೇರೆ. ಮರುಕಳಿಸುವ ಅಪಾಯ ಮೊದಲೇ ಗೊತ್ತಿದ್ದಾಗ, ಪ್ರಯೋಗ ಯಾವ ಹಂತದಲ್ಲಿ ನಿಲ್ಲಬೇಕೆಂಬುದು ಮೊದಲ ಪುಟದಲ್ಲೇ ಇರಬೇಕಿತ್ತು, ರೋಗಿಯ ಒಪ್ಪಿಗೆ ಪತ್ರದಲ್ಲಿ ಅದೂ ಒಂದು ಸಾಲಾಗಬೇಕಿತ್ತು. 2001ರಲ್ಲಿ ‘ಸಿಯಾಟಲ್ ಟೈಮ್ಸ್’ ಪತ್ರಿಕೆ ಅದೇ ಸಿಯಾಟಲ್ ತಂಡದ ನೆಲೆಯಾದ ಫ್ರೆಡ್ ಹಚಿನ್ಸನ್ ಕೇಂದ್ರದ ‘ಪ್ರೋಟೊಕಾಲ್ 126’ ಎಂಬ ಇಂಥದೇ ಪ್ರಯೋಗದ ಬಗ್ಗೆ ಸರಣಿ ಬರೆದು, ರೋಗಿಗಳಿಗೆ ಪೂರ್ತಿ ಹೇಳಿರಲಿಲ್ಲವೆಂದು ಆಪಾದಿಸಿತು. ಕೆಲವು ಕುಟುಂಬಗಳು ಕೋರ್ಟಿಗೂ ಹೋದವು. ತೀರ್ಪು ಬಹುಪಾಲು ಕೇಂದ್ರದ ಪರವಾಗಿಯೇ ಬಂತು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಬೇರೆ ದಾರಿಯಿಲ್ಲದೆ ಬಂದ ರೋಗಿ, ತನಗೆ ಆಸೆ ಹುಟ್ಟಿಸಿದ ವೈದ್ಯರೇ ಮುಂದಿಟ್ಟ ಕಾಗದಕ್ಕೆ ಹಾಕುವ ಸಹಿಯ ತೂಕವೆಷ್ಟು ಎಂಬ ಪ್ರಶ್ನೆ ಮುಗಿಯಲಿಲ್ಲ.

ಇನ್ನೊಂದು ಕೊರತೆ ನೂರು ದಿನದ ಗಡಿಯದು. ತೀವ್ರ ಜಿವಿಎಚ್‌ಡಿಯನ್ನು ಆ ಗಡಿಯೊಳಗೆ ಎಣಿಸುವ ರೂಢಿ ಬೆಳೆದು, ಆಚೆಗಿನದು ಬಹುಕಾಲ ಅಡಿಟಿಪ್ಪಣಿಯಾಗಿತ್ತು. ಆಚೆಗಿರುವುದೇ ರೋಗಿಯ ಉಳಿದ ಬಾಳು. ಕಣ್ಣೀರು ಬತ್ತಿ ಕಣ್ಣು ಉರಿಯುತ್ತದೆ, ಬಾಯಿ ಹುಣ್ಣಾಗಿ ಖಾರ ಮುಟ್ಟುವಂತಿಲ್ಲ, ಚರ್ಮ ಬಿಗಿದು ಕೀಲು ಮಡಚುವುದಿಲ್ಲ. ಎಲ್ಲಕ್ಕಿಂತ ಕ್ರೂರವಾದದ್ದು, ಸಣ್ಣ ಶ್ವಾಸನಾಳಗಳು ನಿಧಾನಕ್ಕೆ ಮುಚ್ಚಿಕೊಳ್ಳುವುದು. ಜೊತೆಗೆ ಬಂಜೆತನ, ಕಣ್ಣಿನ ಪೊರೆ, ಮಕ್ಕಳಲ್ಲಿ ಕುಂಠಿತ ಬೆಳವಣಿಗೆ, ವರ್ಷಗಳ ನಂತರ ಬರಬಹುದಾದ ಎರಡನೆಯ ಕ್ಯಾನ್ಸರ್. ಬದುಕಿದವರೆಂದು ಎಣಿಸಿದ ತಲೆಗಳಲ್ಲಿ ಇವರೆಲ್ಲ ಸೇರಿದ್ದಾರೆ.

ಕಳೆದ ಎರಡು ದಶಕಗಳ ಕೆಲಸದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಿಂದ ಬಂತು. ಕಸಿಯಾದ ಮೂರನೆಯ, ನಾಲ್ಕನೆಯ ದಿನ ಸೈಕ್ಲೊಫಾಸ್ಫಮೈಡ್ ಎಂಬ ಹಳೆಯ, ಅಗ್ಗದ ಔಷಧಿ ಕೊಡುವುದು. ಅಷ್ಟರಲ್ಲಿ ರೋಗಿಯ ದೇಹದ ಮೇಲೆ ಕೆರಳಿದ ಟಿ ಕಣಗಳು ರಭಸದಿಂದ ಇಮ್ಮಡಿಸುತ್ತಿರುತ್ತವೆ, ಔಷಧಿ ಮುಖ್ಯವಾಗಿ ಅವನ್ನು ಹೊಡೆಯುತ್ತದೆ. ಕೆರಳದ ಟಿ ಕಣಗಳು, ಹೊಸ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳು ಬಹುಮಟ್ಟಿಗೆ ಉಳಿಯುತ್ತವೆ. ಇದರಿಂದ ಅರ್ಧ ಮಾತ್ರ ಹೊಂದುವ ತಂದೆ, ತಾಯಿ, ಮಕ್ಕಳೂ ದಾನಿಗಳಾಗಬಲ್ಲರು. ನಮ್ಮಲ್ಲಿ ಇದರ ಅರ್ಥ ದೊಡ್ಡದು. ಒಬ್ಬ ಒಡಹುಟ್ಟಿದವರು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಕುಟುಂಬಗಳು ಚಿಕ್ಕವಾಗಿವೆ, ದಾನಿಗಳ ನೋಂದಣಿಯಲ್ಲಿ ಭಾರತೀಯರು ಕಡಿಮೆ. ವೆಲ್ಲೂರಿಗೋ ಬೆಂಗಳೂರಿಗೋ ಮಗುವನ್ನು ಕರೆದೊಯ್ದ ತಾಯಿಗೆ ‘ನೀವೇ ಕೊಡಬಹುದಮ್ಮ’ ಎನ್ನಲು ವೈದ್ಯರಿಗೆ ಸಾಧ್ಯವಾದದ್ದು ಇಂಥ ಸಂಶೋಧನೆಯಿಂದ.

ಆದರೂ ಮೊದಲ ಫಲಿತಾಂಶಗಳನ್ನು ಲೆಕ್ಕವಿಟ್ಟೇ ಓದಬೇಕು. 2008ರ ವರದಿಯಲ್ಲಿ ಗಂಭೀರ ಜಿವಿಎಚ್‌ಡಿ ತುಂಬ ಕಡಿಮೆ, ಆದರೆ ವರ್ಷದೊಳಗೆ ಸುಮಾರು ಅರ್ಧದಷ್ಟು ಮಂದಿಗೆ ಕಾಯಿಲೆ ಮರುಕಳಿಸಿತ್ತು. 2023ರಲ್ಲಿ ಬಂದ ಅಮೆರಿಕದ ದೊಡ್ಡ ಪ್ರಯೋಗ ಇಲ್ಲಿ ಮೇಲ್ಮಟ್ಟದ್ದು. ಹೊಂದುವ ದಾನಿಗಳಿಂದ, ತಗ್ಗಿಸಿದ ತೀವ್ರತೆಯ ಕಸಿ ಪಡೆದವರಲ್ಲಿ ಹಳೆಯ ಕ್ರಮವನ್ನೂ ಈ ಔಷಧಿಯ ಕ್ರಮವನ್ನೂ ಅದು ಎದುರುಬದುರಿಟ್ಟಿತು. ಒಂದು ತೊಡಕನ್ನಷ್ಟೇ ಅಳೆಯದೆ, ಗಂಭೀರ ಜಿವಿಎಚ್‌ಡಿಯಾಗಲಿ ಮರುಕಳಿಕೆಯಾಗಲಿ ಇಲ್ಲದೆ ಬದುಕಿರುವವರೆಷ್ಟು ಎಂದು ಕೇಳಿತು. ವರ್ಷದ ಕೊನೆಗೆ ಹೊಸ ಕ್ರಮದಲ್ಲಿ ಶೇ. 52.7, ಹಳೆಯದರಲ್ಲಿ ಶೇ. 34.9. ಮರುಕಳಿಕೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಎಂದರೆ 80ರ ದಶಕದ ತಪ್ಪು ಇಲ್ಲಿ ಮರಳಲಿಲ್ಲ. ಅದೇ ಅಂಕಿಯ ಇನ್ನೊಂದು ಮಗ್ಗುಲೂ ಇದೆ: ಗೆದ್ದ ಗುಂಪಿನಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ವರ್ಷದೊಳಗೆ ಸತ್ತರು, ಕಾಯಿಲೆಗೆ ಮರಳಿದರು ಅಥವಾ ಗಂಭೀರ ಜಿವಿಎಚ್‌ಡಿಗೆ ಸಿಕ್ಕಿದರು. 1977ರ ಪ್ರಬಂಧ 87 ಮಂದಿಗೆ ಕೊಟ್ಟ ಜಾಗವನ್ನು ಈ ಅರ್ಧಕ್ಕೂ ಕೊಡಬೇಕು, ಕಸಿಗೆ ಸಹಿ ಹಾಕುವ ಮನೆಯವರಿಗೆ ಅವರ ಭಾಷೆಯಲ್ಲಿ ಓದಿ ಹೇಳುವಾಗಲೂ.