ಸಾವಿರ ಪ್ರತಿ, ಒಂದು ಸಾಕ್ಷಿ

ಹಳಗನ್ನಡ ಕಾವ್ಯದ ಪಾಠಾಂತರಗಳನ್ನು ಚರ್ಚಿಸುವಾಗ ನಮ್ಮಲ್ಲಿ ಒಂದು ವಾದ ಸುಲಭವಾಗಿ ಹುಟ್ಟುತ್ತದೆ: ಹೆಚ್ಚು ಪ್ರತಿಗಳಲ್ಲಿ ಇರುವ ಪಾಠವೇ ಕವಿಯದು. ಓಲೆಗರಿಗಳೇನು ಮತದಾರರೇ?

ಮುಧೋಳದ ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ಪುಣ್ಯಕಾರ್ಯದ ಬಗೆಗೆ ಎರಡು ಮಾತಿಲ್ಲ. ಆದರೆ ಎದುರಿಗಿಟ್ಟುಕೊಂಡ ಮೂಲಪ್ರತಿಯಲ್ಲೇ ಒಂದಕ್ಷರ ತಪ್ಪಿತ್ತೆನ್ನಿ; ಸಾವಿರವೂ ಒಂದೇ ದನಿಯಲ್ಲಿ ಆ ತಪ್ಪನ್ನು ನುಡಿಯುತ್ತವೆ. ಆಗ ನಮಗೆ ದೊರೆತದ್ದು ಒಂದೇ ಸಾಕ್ಷಿ.

ಒಬ್ಬ ಲಿಪಿಕಾರ ಒಂದು ಪದದಲ್ಲಿ ಎಡವುವ ಸಂಭವ ಹತ್ತರಲ್ಲಿ ಒಂದು ಎಂದಿಟ್ಟುಕೊಳ್ಳೋಣ. ಒಬ್ಬರನ್ನೊಬ್ಬರು ಅರಿಯದ ಇಬ್ಬರೂ ಅಲ್ಲಿಯೇ ಎಡವುವ ಸಂಭವ, ಗುಣಿಸಿದರೆ, ನೂರರಲ್ಲಿ ಒಂದು. ಒಬ್ಬನದನ್ನು ನೋಡಿಯೇ ಇನ್ನೊಬ್ಬ ಬರೆದಿದ್ದರೆ ಗುಣಾಕಾರಕ್ಕೆ ಎಡೆಯಿಲ್ಲ. ಅದು ಹತ್ತರಲ್ಲಿ ಒಂದರ ಹತ್ತಿರವೇ ನಿಲ್ಲುತ್ತದೆ. ಪರೀಕ್ಷೆಯೂ ಇದರಲ್ಲೇ ಇದೆ. ನೂರು ಪದಗಳಲ್ಲಿ ಎರಡು ಪ್ರತಿಗಳು ಹತ್ತು ಹತ್ತು ಕಡೆ ತಪ್ಪಿದ್ದರೆ, ಎರಡೂ ಒಟ್ಟಿಗೆ ತಪ್ಪುವುದು ಸುಮಾರು ಒಂದು ಕಡೆ. ಎಂಟು ಕಡೆ ಕೂಡಿದರೆ ಅವು ಸ್ವತಂತ್ರವೆಂದು ನಂಬುವುದು ಕಷ್ಟ.

ಇಷ್ಟೆಲ್ಲ ಹೇಳುವ ನಾನೇ ಜಮಖಂಡಿಯಲ್ಲಿ ಪಾಠ ಹೇಳುವಾಗ ಎಡವಿದ್ದುಂಟು. ಬೀಳಗಿಯ ಹುಡುಗನೊಬ್ಬ, ಬನಹಟ್ಟಿಯವನೊಬ್ಬ, ರನ್ನನ ಪದ್ಯವೊಂದಕ್ಕೆ ಒಂದೇ ವಿಚಿತ್ರ ಅರ್ಥ ಬರೆದಿದ್ದರು. ಕೂತದ್ದು ಬೇರೆ ಬೇರೆ ಕೋಣೆ; ಆದರೂ ನಕಲೆಂದೇ ತೀರ್ಮಾನಿಸಿ ತಂದೆಯರನ್ನು ಕರೆಸಿದೆ. ಬನಹಟ್ಟಿಯ ತಂದೆ ಒಂದು ದಿನದ ನೇಯ್ಗೆ ಬಿಟ್ಟು ಬಂದಿದ್ದರು. "ಒಂದ ನಕ್ಷಿ ಹಚ್ಚಿ ಎರಡು ಮಗ್ಗದಾಗ ನೇಯ್ದ್ರ ಅಂಚಿನ ತಪ್ಪು ಎರಡೂ ಸೀರಿಗೆ ಬರತೈತ್ರಿ, ಸರ" ಎಂದರು. ಹುಡುಗ ಚೀಲದಿಂದ ಗೈಡು ತೆಗೆದು ಮೇಜಿನ ಮೇಲಿಟ್ಟ. ಆ ಅರ್ಥ ಅಲ್ಲಿ ಅಚ್ಚಾಗಿತ್ತು. ನಾನು ಕ್ಷಮೆ ಕೇಳಿದೆ; ಅವರ ಒಂದು ದಿನದ ಕೂಲಿ ಮಾತ್ರ ಹೋದದ್ದೇ.

ಹಾಗೆಂದು ಕೂಡಿದ ತಪ್ಪೆಲ್ಲ ನಂಟಿನ ಗುರುತಲ್ಲ. ಪಕಾರ-ವಕಾರಗಳಂಥ ಹೋಲುವ ಅಕ್ಷರಗಳು ಸಂಬಂಧವಿಲ್ಲದ ಇಬ್ಬರನ್ನೂ ಒಂದೇ ಕಡೆ ವಂಚಿಸಬಲ್ಲವು. ಸರಿಯಾದ ಪಾಠದಲ್ಲಿ ಕೂಡುವುದರಿಂದಲೂ ನಂಟು ಸಿದ್ಧಿಸದು, ಮೂಲವೇ ಅದಾಗಿದ್ದೀತು. ಬಿಟ್ಟುಹೋದ ಸಾಲು, ಸ್ಥಳ ತಪ್ಪಿದ ಪದ್ಯ, ಯಾರಿಗೂ ಸಹಜವಾಗಿ ಹೊಳೆಯದ ಪದ, ಇವು ಎರಡು ಪ್ರತಿಗಳಲ್ಲಿ ಜೊತೆಯಾಗಿ ಕಂಡಾಗ ನಿಲ್ಲಬೇಕು. ಸಂಪಾದಕರು ಪ್ರತಿಗಳ ಸಂಖ್ಯೆಯ ಜೊತೆಗೆ ಈ ಜಂಟಿ ತಪ್ಪುಗಳ ಪಟ್ಟಿಯನ್ನೂ ಅಚ್ಚು ಮಾಡಿಸಿದರೆ, ಓದುಗನೇ ಕೂತು ಎಣಿಸಿ ನೋಡಿಯಾನು.