ಆರನೇ ಭಾಗ ಓದಿದವರೆಷ್ಟು?

ಕಾನೂನು ನಿಯತಕಾಲಿಕಗಳಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಲೇಖನ ಯಾವುದೆಂದು ಫ್ರೆಡ್ ಶಪಿರೋ ಮತ್ತು ಮಿಷೆಲ್ ಪಿಯರ್ಸ್ 2012ರಲ್ಲಿ ಎಣಿಸಿ ಹೇಳಿದರು. ಮೊದಲ ಸ್ಥಾನ ರೊನಾಲ್ಡ್ ಕೋಸ್ ಅವರ 1960ರ ‘ದಿ ಪ್ರಾಬ್ಲಮ್ ಆಫ್ ಸೋಷಿಯಲ್ ಕಾಸ್ಟ್’ಗೆ. ಕೋಸ್ ವಕೀಲರಲ್ಲ, ಅರ್ಥಶಾಸ್ತ್ರಜ್ಞರು. ಲೇಖನ ಶುರುವಾಗುವುದು ಕಾರ್ಖಾನೆಯ ಹೊಗೆ ಮತ್ತು ಅದನ್ನು ಕುಡಿಯುವ ನೆರೆಯವರಿಂದ. ಜಿಗಣಿಯಲ್ಲಿ ಕೂತು ಓದುವ ನನಗೆ ಪೀಠಿಕೆ ಬೇಕಾಗಲಿಲ್ಲ.

ಉಲ್ಲೇಖಿಸಿದ ಅನೇಕರು ಹೊತ್ತೊಯ್ದದ್ದು ‘ಕೋಸ್ ಪ್ರಮೇಯ’ವನ್ನಷ್ಟೆ: ಚೌಕಾಸಿಗೆ ಖರ್ಚೇ ಇಲ್ಲದಿದ್ದರೆ, ಹಕ್ಕು ಯಾರ ಕಡೆಗಿದ್ದರೂ ಇಬ್ಬರೂ ಮಾತಾಡಿಕೊಂಡು ಒಟ್ಟು ಲಾಭ ಹೆಚ್ಚಾಗುವ ಒಪ್ಪಂದಕ್ಕೇ ಬರುತ್ತಾರೆ ಎಂಬುದು. ಆ ಹೆಸರು ಕೊಟ್ಟವರು ಜಾರ್ಜ್ ಸ್ಟಿಗ್ಲರ್. ಖರ್ಚಿಲ್ಲದ ಲೋಕ ತನ್ನದಲ್ಲವೇ ಅಲ್ಲ ಎಂದು ಕೋಸ್ 1988ರಲ್ಲೂ ಹೇಳಬೇಕಾಯಿತು. ಅಷ್ಟು ಸಾವಿರ ಅಡಿಟಿಪ್ಪಣಿಗಳ ನಂತರವೂ!

ಖರ್ಚೆಂದರೇನೆಂದು ಆನೇಕಲ್ ತಾಲ್ಲೂಕಿನ ರೈತರನ್ನು ಕೇಳಿ. ಸಾಲು ಕಾರ್ಖಾನೆಗಳಲ್ಲಿ ಕೊಳೆನೀರು ಯಾವುದರದ್ದು? ಪತ್ತೆಮಾಡುವವರು ಯಾರು? ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ, ವಕೀಲರ ಫೀಸು, ಕೂಲಿ ಬಿಟ್ಟು ಅಲೆದ ದಿನಗಳು. ಇದನ್ನೆಲ್ಲ ಒಬ್ಬ ವಿದ್ಯಾರ್ಥಿನಿ ಕನ್ನಡದಲ್ಲಿ ಬರೆದರೆ ಶಪಿರೋ ಎಣಿಕೆಯಂಥದ್ದಕ್ಕೆ ಅದು ಸಿಗುವುದಿಲ್ಲ. ನಮ್ಮ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ ವಿದ್ಯಾರ್ಥಿಗಳೇ ಸಂಪಾದಿಸುವ ಪತ್ರಿಕೆಯೂ ಇಂಗ್ಲಿಷಿನದು. ಹೈಕೋರ್ಟಿನ ಭಾಷೆ ಅದಾಗಿರುವಾಗ ಅವರನ್ನಷ್ಟೇ ದೂರಿ ಫಲವಿಲ್ಲ. ಆದರೆ ಎಣಿಕೆಯನ್ನು ಯೋಗ್ಯತೆಯೆಂದು ನಾವೂ ನಂಬಿದರೆ, ಅವಳು ಬರೆಯುವುದನ್ನೇ ಬಿಡುತ್ತಾಳೆ.

ಕೋಸ್ ಲೇಖನ ಕೈಗೆ ಸಿಕ್ಕಿದರೆ ಆರನೇ ಭಾಗದವರೆಗೂ ಹೋಗಿ. ಖರ್ಚಿನ ಲೆಕ್ಕ ಅವರು ತೆಗೆಯುವುದು ಅಲ್ಲಿ.