ಬಹುಮತದ ಬಲ, ಸುಧಾರಣೆಯ ಬಾಳಿಕೆ

ಚುನಾವಣೆಯಲ್ಲಿ ಒಂದು ಪಕ್ಷ ಭಾರೀ ಬಹುಮತ ಪಡೆದಾಗಲೆಲ್ಲ, ಇನ್ನು ದೊಡ್ಡ ಸುಧಾರಣೆಗಳಿಗೆ ಅಡ್ಡಿಯಿಲ್ಲ ಎಂಬ ನಿರೀಕ್ಷೆ ಹುಟ್ಟುತ್ತದೆ. ಈ ನಿರೀಕ್ಷೆ ಎಷ್ಟರಮಟ್ಟಿಗೆ ಸರಿ ಎಂದು ಅಳೆಯಲು ಉತ್ತರ ಕನ್ನಡದ ಕಾನಸೂರು, ಸಿದ್ದಾಪುರ, ಶಿರಸಿಯ ಸೀಮೆ ಒಳ್ಳೆಯ ಜಾಗ. ಕಳೆದ ಸುಮಾರು ಐವತ್ತು ವರ್ಷಗಳಲ್ಲಿ ಇಲ್ಲಿನ ಬದುಕನ್ನು ಬುಡದಿಂದ ಬದಲಿಸಿದ ಸುಧಾರಣೆಗಳಲ್ಲಿ ಎರಡು ಮುಖ್ಯ: ಮುಖ್ಯಮಂತ್ರಿಯಾಗಿದ್ದ ದೇವರಾಜ ಅರಸರ ಭೂಸುಧಾರಣೆ ಮತ್ತು ರಾಮಕೃಷ್ಣ ಹೆಗಡೆಯವರ ಕಾಲದ ಪಂಚಾಯತ ವ್ಯವಸ್ಥೆ. ಮೊದಲನೆಯದು ಭಾರೀ ಬಹುಮತದ ಸರಕಾರದ್ದು, ಎರಡನೆಯದನ್ನು ಕಾಯ್ದೆ ಮಾಡಿದ್ದು ಸ್ವಂತ ಬಹುಮತವೇ ಇಲ್ಲದ ಸರಕಾರ. ಎರಡನ್ನೂ ಜೊತೆಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಬಹುಮತಕ್ಕೆ ಕಾಯ್ದೆ ಮಾಡುವ ಶಕ್ತಿ ಇದೆ. ಆದರೆ ಆ ಕಾಯ್ದೆ ಬಾಳುವುದು ಅದರಿಂದ ಹಕ್ಕು ಪಡೆದವರಿಗೆ ಅದನ್ನು ಕಾಯ್ದುಕೊಳ್ಳುವ ಬಲವೂ ಸಿಕ್ಕಾಗ ಮಾತ್ರ.

1972ರಲ್ಲಿ ಅರಸರ ಪಕ್ಷ ಕಾಂಗ್ರೆಸ್ ವಿಧಾನಸಭೆಯ 216 ಸ್ಥಾನಗಳ ಪೈಕಿ 165 ಗೆದ್ದಿತ್ತು. ಆ ಸರಕಾರ ಭೂಸುಧಾರಣೆ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾಯಿತು. ಗೇಣಿಯಲ್ಲಿದ್ದ ಜಮೀನು ಸರಕಾರಕ್ಕೆ ಸೇರಿತು, ಉಳುತ್ತಿದ್ದವನು 7ನೇ ನಮೂನೆಯ ಅರ್ಜಿ ಹಾಕಿ ಒಡೆತನ ಕೇಳಬಹುದಾಯಿತು. ತಾಲೂಕಿಗೊಂದರಂತೆ ಬಂದ ಭೂ ನ್ಯಾಯಮಂಡಳಿಗಳಲ್ಲಿ ಅಧಿಕಾರಿಯ ಜೊತೆ ಅಧಿಕಾರಿಗಳಲ್ಲದ ಸದಸ್ಯರೂ ಕುಳಿತರು. ಮೊದಲಿಗೆ ಅಲ್ಲಿ ವಕೀಲರಿಗೆ ಪ್ರವೇಶವೂ ಇರಲಿಲ್ಲ. ರಾಜ್ಯದಲ್ಲಿ ಬಂದ ಸುಮಾರು 8 ಲಕ್ಷ ಅರ್ಜಿಗಳಲ್ಲಿ ಅರ್ಧಕ್ಕೂ ಹೆಚ್ಚು ಗೇಣಿದಾರರ ಪರ ತೀರ್ಮಾನವಾದವು. ಇದು 165 ಸ್ಥಾನಗಳ ಬಲವಲ್ಲವೇ ಎಂದು ಕೇಳಬಹುದು. ಬಹುಮತವಿಲ್ಲದಿದ್ದರೆ ಇಷ್ಟು ನಿಷ್ಠುರವಾದ ಕಾಯ್ದೆ ಬರುತ್ತಿರಲಿಲ್ಲ, ನಿಜ. ಆದರೆ 1962ರಲ್ಲೂ ಕಾಂಗ್ರೆಸ್ಸಿಗೆ ಸ್ಪಷ್ಟ ಬಹುಮತವಿತ್ತು, 1961ರ ಭೂಸುಧಾರಣೆ ಕಾಯ್ದೆಯೂ ಕೈಯಲ್ಲಿತ್ತು. ಒಡೆಯರು ಜಮೀನನ್ನು ಮರಳಿ ಪಡೆಯಲು ದಾರಿ ಬಿಟ್ಟಿದ್ದ ಆ ಕಾಯ್ದೆಯಿಂದ ಗೇಣಿದಾರನ ಸ್ಥಿತಿ ಹೆಚ್ಚೇನೂ ಬದಲಾಗಲಿಲ್ಲ. ಅರಸರ ಬೆನ್ನಿಗೆ ಸ್ಥಾನಗಳಷ್ಟೇ ಅಲ್ಲ, ದಶಕಗಳ ಹೋರಾಟವೂ ಇತ್ತು. ಉತ್ತರ ಕನ್ನಡದಲ್ಲಿ ದಿನಕರ ದೇಸಾಯಿಯವರು ರೈತಕೂಟ ಕಟ್ಟಿ ಗಡಿಪಾರಾಗಿದ್ದರು. ಪಕ್ಕದ ಸಾಗರ ಸೀಮೆಯಲ್ಲಿ 1951ರ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದಿತ್ತು. ಅರ್ಜಿ ಹಾಕುವ ಧೈರ್ಯ ಗೇಣಿದಾರನಿಗೆ ಬಂದದ್ದು ಆ ಹೋರಾಟಗಳಿಂದ.

ಅರಸರ ಬಹುಮತ ಎಷ್ಟು ಕಾಲ ಉಳಿಯಿತು? 1978ರಲ್ಲಿ ಮತ್ತೆ ಗೆದ್ದರೂ, ಇಂದಿರಾ ಗಾಂಧಿಯವರಿಂದ ದೂರವಾದ ಮೇಲೆ ಶಾಸಕರು ಪಕ್ಷ ಬದಲಿಸಿ, 1980ರ ಜನವರಿಯಲ್ಲಿ ಅವರು ಅಧಿಕಾರ ಬಿಡಬೇಕಾಯಿತು. ಬಹುಮತ ಹೋಯಿತು, ಗೇಣಿದಾರನ ಹೆಸರು ಪಹಣಿಯಲ್ಲಿ ಉಳಿಯಿತು. ಆ ಜಮೀನನ್ನು ಮರಳಿ ಕೇಳುವ ಧೈರ್ಯವನ್ನು ಮುಂದೆ ಯಾವ ಸರಕಾರವೂ ತೋರಲಿಲ್ಲ. ಅದೇ ತಿದ್ದುಪಡಿಯಲ್ಲಿ, ಅದೇ ಬಹುಮತದಿಂದ ಬಂದ 79ಎ ಮತ್ತು 79ಬಿ ಕಲಮುಗಳ ಗತಿ ಬೇರೆಯಾಯಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆಯುತ್ತಿದ್ದ ಈ ಕಲಮುಗಳು 2020ರಲ್ಲಿ ರದ್ದಾದವು. ರೈತಸಂಘಟನೆಗಳು ಬೀದಿಗಿಳಿದರೂ ತಡೆಯಲಾಗಲಿಲ್ಲ. ಒಂದೇ ಕಾಯ್ದೆಯ ಎರಡು ಭಾಗಗಳಿಗೆ ಎರಡು ಗತಿ ಏಕೆ? ಮೊದಲನೆಯದಕ್ಕೆ ಲಕ್ಷಾಂತರ ಮನೆಗಳೇ ಕಾವಲಾಗಿದ್ದವು. ಎರಡನೆಯದು ಎಲ್ಲರ ಹಿತದ್ದಾದರೂ ಯಾರ ಕೈಯಲ್ಲೂ ಕಾಗದವಾಗಿ ಇರಲಿಲ್ಲ. ಈ ಸುಧಾರಣೆಗೆ ಒಂದು ಕೊರತೆಯೂ ಇದೆ, ಅದನ್ನು ಮುಚ್ಚಿಡಬಾರದು. ನೂರಾರು ಎಕರೆಯ ಒಡೆಯನಿಗೂ, ತುಂಡು ಗದ್ದೆಯನ್ನು ಗೇಣಿಗೆ ಕೊಟ್ಟು ಬದುಕುತ್ತಿದ್ದ ಸಣ್ಣ ಒಡೆಯನಿಗೂ ಕಾಯ್ದೆ ಹೆಚ್ಚು ಭೇದ ಮಾಡಲಿಲ್ಲ. ವಿರೋಧದ ಮಾತಿಗೆ ಕಿವಿಗೊಡುವ ಒತ್ತಡವಿಲ್ಲದ ಬಹುಮತ ಹೀಗೆ ಕೆಲವರಿಗೆ ಅನ್ಯಾಯವನ್ನೂ ಮಾಡಬಲ್ಲದು.

ಪಂಚಾಯತ ಸುಧಾರಣೆಯ ಕತೆ ಇನ್ನೂ ಕಣ್ಣು ತೆರೆಸುವಂಥದು. ಸಿದ್ದಾಪುರ ತಾಲೂಕಿನ ದೊಡ್ಮನೆಯವರಾದ ಹೆಗಡೆಯವರು 1983ರಲ್ಲಿ ಮುಖ್ಯಮಂತ್ರಿಯಾದಾಗ 224ರ ಸದನದಲ್ಲಿ ಜನತಾ ಪಕ್ಷದ್ದು 95 ಸ್ಥಾನ. ಸರಕಾರ ನಿಂತದ್ದು ಇತರರ ಬೆಂಬಲದಿಂದ. ಅವರ ಸಚಿವ ಅಬ್ದುಲ್ ನಜೀರ್ ಸಾಬರು ರೂಪಿಸಿದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತ ಕಾಯ್ದೆಗೆ ಸದನದ ಒಪ್ಪಿಗೆ ಸಿಕ್ಕಿದ್ದು ಆಗಲೇ. ಮಹಿಳೆಯರಿಗೆ ಶೇಕಡಾ 25 ಮೀಸಲಾತಿ ಅದರಲ್ಲೇ ಇತ್ತು. 1985ರಲ್ಲಿ 139 ಸ್ಥಾನ ಸಿಕ್ಕ ಮೇಲಷ್ಟೇ ಅದು ಜಾರಿಯಾಯಿತು, 1987ರ ಜನವರಿಯಲ್ಲಿ ಚುನಾವಣೆ ನಡೆಯಿತು ಎಂದು ಆಕ್ಷೇಪಿಸಬಹುದು. ಸರಿ, ಬಹುಮತ ಕೊಟ್ಟದ್ದು ಕಾಲಾವಕಾಶ. ಆದರೆ ಬಾಳಿಕೆಯನ್ನು ಅದು ಕೊಡಲಿಲ್ಲ. 1989ರಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದು ಬಂತು. ಅದರ ಆಡಳಿತದಲ್ಲಿ, 1987ರಲ್ಲಿ ಆಯ್ಕೆಯಾದ ಪಂಚಾಯತಗಳ ಅವಧಿ ಮುಗಿದರೂ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳು ಬಂದರು. ಐದು ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳನ್ನು ಕಂಡ ಆ ಬಹುಮತ ತನ್ನನ್ನೇ ಸ್ಥಿರವಾಗಿ ಇಟ್ಟುಕೊಳ್ಳಲಿಲ್ಲ. ದಿಲ್ಲಿಯಲ್ಲೂ ಹೀಗೆಯೇ ಆಯಿತು. ಲೋಕಸಭೆಯಲ್ಲಿ 400ಕ್ಕೂ ಹೆಚ್ಚು ಸ್ಥಾನಗಳಿದ್ದ ರಾಜೀವ್ ಗಾಂಧಿಯವರ ಪಂಚಾಯತ ಮಸೂದೆ 1989ರಲ್ಲಿ ರಾಜ್ಯಸಭೆಯಲ್ಲಿ ಬಿದ್ದಿತು. 1992ರಲ್ಲಿ ಪಂಚಾಯತಗಳಿಗೆ ಸಂವಿಧಾನದ ಸ್ಥಾನ ಕೊಟ್ಟ 73ನೇ ತಿದ್ದುಪಡಿಯನ್ನು ಪಾಸು ಮಾಡಿಸಿದ್ದು ಬಹುಮತವಿಲ್ಲದ ನರಸಿಂಹ ರಾವ್ ಸರಕಾರ. ಎದುರಾಳಿಗಳನ್ನೂ ಒಪ್ಪಿಸಿ ತಂದದ್ದರಿಂದಲೇ ಆ ಸುಧಾರಣೆ ಯಾರೊಬ್ಬರ ಪಕ್ಷದ್ದೂ ಆಗದೆ ಉಳಿಯಿತು.

ಆದರೆ ಸಂವಿಧಾನದಲ್ಲಿ ಬರೆದರೂ ಸಾಲದು. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲೂಕು ಪಂಚಾಯತಗಳಿಗೆ ಆಗಿನ ಸರಕಾರ ಚುನಾವಣೆ ನಡೆಸಲಿಲ್ಲ. 2023ರಲ್ಲಿ 135 ಸ್ಥಾನಗಳೊಡನೆ ಬಂದ ಸರಕಾರದ ಮೊದಲ ಎರಡು ವರ್ಷಗಳಲ್ಲೂ ಅದು ನಡೆಯಲಿಲ್ಲ. ಶಾಸಕನಿಗೆ ಜಿಲ್ಲೆ, ತಾಲೂಕಿನ ಮಟ್ಟದಲ್ಲಿ ಪ್ರತಿಸ್ಪರ್ಧಿ ಬೇಕಿಲ್ಲ. ಸದನದಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಆ ಒಲ್ಲದ ಮನಸ್ಸಿಗೆ ಬಲ ಬರುತ್ತದೆ. ಗ್ರಾಮ ಪಂಚಾಯತಕ್ಕೆ ಮಾತ್ರ 2020ರ ಕೊನೆಯಲ್ಲಿ ಚುನಾವಣೆ ನಡೆಯಿತು, ಏಕೆಂದರೆ ಮನೆ, ನೀರು, ರಸ್ತೆಗಾಗಿ ಜನ ದಿನವೂ ಅದರ ಬಾಗಿಲಿಗೆ ಹೋಗುತ್ತಾರೆ, ಇಲ್ಲದಿದ್ದರೆ ಕೇಳುತ್ತಾರೆ. ಆದ್ದರಿಂದ ಭಾರೀ ಬಹುಮತದ ಸರಕಾರವನ್ನು ಅಳೆಯುವಾಗ ಎಷ್ಟು ಮಸೂದೆ ಪಾಸು ಮಾಡಿತು ಎಂದು ಎಣಿಸುವುದರಲ್ಲಿ ಹುರುಳಿಲ್ಲ. ತನ್ನ ಕೈಯ ಅಧಿಕಾರದಲ್ಲಿ ಎಷ್ಟನ್ನು ಮರಳಿ ಕಸಿಯಲಾಗದಂತೆ ಜನರಿಗೆ ಬಿಟ್ಟುಕೊಟ್ಟಿತು, ಸೋತವರ ಮಾತನ್ನು ಎಷ್ಟು ಕೇಳಿತು ಎಂಬುದೇ ಸರಿಯಾದ ಅಳತೆ. ಈ ಅಳತೆಯಲ್ಲಿ ಅರಸರ ಗೇಣಿ ಸುಧಾರಣೆ ಬಹುಪಾಲು ಗೆಲ್ಲುತ್ತದೆ, ಅವರ ನಂತರ ಬಂದ ದೊಡ್ಡ ಬಹುಮತಗಳು ಹಿಂದೆ ಬೀಳುತ್ತವೆ.